ಹಡಗಿನಲ್ಲಿ ಬಂದ ಓಲೆಯ ಲೆಕ್ಕ

ಪ್ರಶ್ನೆ: ನಾನು ಶಿವಮೊಗ್ಗದ ಕಡೆಯವನು. ಈಗ ಅಮೆರಿಕದ ಬಾಸ್ಟನ್ ಹತ್ತಿರ ಕೆಲಸದಲ್ಲಿದ್ದೇನೆ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಎರಡು ಕಾಗದ ಕೊಂಡೆ. ಒಂದು, 1829ರಲ್ಲಿ ಲಿವರ್‌ಪೂಲಿನಿಂದ ಬಾಸ್ಟನ್ನಿನ ವ್ಯಾಪಾರಿಯೊಬ್ಬರಿಗೆ ಬರೆದ ಓಲೆ. ಲಕೋಟೆ ಇಲ್ಲ, ಸ್ಟಾಂಪ್ ಇಲ್ಲ. ನ್ಯೂಯಾರ್ಕಿನ ಠಸ್ಸೆ, 'ಶಿಪ್' ಅನ್ನುವ ಪದ, ಕೈಬರಹದಲ್ಲಿ 20¾ ಅಂತ ಇದೆ. ಇನ್ನೊಂದು, 1853ರಲ್ಲಿ ಇಂಗ್ಲೆಂಡಿನಿಂದ ಬಾಸ್ಟನ್ನಿಗೆ ಬಂದ ಲಕೋಟೆ. ಅದರ ಮೇಲೆ ಕಪ್ಪು ಶಾಯಿಯಲ್ಲಿ '19 ಸೆಂಟ್ಸ್', '24', 'ಬಾಸ್ಟನ್ ಬಿ.ಆರ್. ಪಿ.ಕೆ.ಟಿ.' ಅಂತ ಇದೆ. ಕೂಡಿದರೆ 43 ಸೆಂಟ್ ಆಗುತ್ತೆ. ಅಷ್ಟು ಕೊಟ್ಟಿದ್ದರಾ? ಸ್ಟಾಂಪೇ ಇಲ್ಲದ ಇವಕ್ಕೆ ಬೆಲೆ ಇದೆಯಾ? ಈ ಥರದ್ದನ್ನು ಸಂಗ್ರಹಿಸಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ 43ರ ಅನುಮಾನ ಬಗೆಹರಿಸಿಬಿಡುತ್ತೇನೆ. ಅಷ್ಟು ಯಾರೂ ಕೊಟ್ಟಿಲ್ಲ. ಬಾಸ್ಟನ್ನಿನವರು ಕೊಟ್ಟದ್ದು 24 ಸೆಂಟ್ ಮಾತ್ರ. 19 ಅನ್ನುವುದು ಆ 24ರ ಒಳಗೇ ಇರುವ ಪಾಲು. ಯಾರ ಪಾಲು ಅಂತ ಮುಂದೆ ಹೇಳುತ್ತೇನೆ.

ಆ ಕಾಲದ ಹಡಗಿನ ಓಲೆಯನ್ನು ಒಂದು ಬಿಲ್ಲು ಅಂದುಕೊಂಡು ನೋಡಿ. ಮೇಲಿರುವ ಒಂದೊಂದು ಅಂಕಿಯನ್ನೂ ಯಾರೋ ಒಬ್ಬ ಅಂಚೆ ಗುಮಾಸ್ತರು ದುಡ್ಡು ವಸೂಲಿಗೆಂದೇ ಹಾಕಿದ್ದಾರೆ. ದಿನಾಂಕ, ಹಡಗು, ಶಾಯಿಯ ಬಣ್ಣ, ಅಂಕಿ. ಈ ನಾಲ್ಕೂ ಒಂದಕ್ಕೊಂದು ತಾಳೆಯಾದರೆ ಓಲೆಯನ್ನು ನಂಬಬಹುದು. ತಾಳೆಯಾಗದಿದ್ದರೆ ಎಷ್ಟೇ ಚೆಂದ ಇದ್ದರೂ ನಾನು ಕೈ ಹಾಕುವುದಿಲ್ಲ. ಸ್ಟಾಂಪ್ ಇದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ನಮ್ಮ ಮೈಸೂರು ಅಂಚೆಯ ಹಳೇ ಓಲೆಗಳನ್ನು ನೋಡಿದವರಿಗೆ ಇದು ಹೊಸದಲ್ಲ. 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯ ಜೊತೆ ಸೇರುವ ತನಕ ಆ ಓಲೆಗಳ ಕತೆಯನ್ನೆಲ್ಲ ಹೇಳುವುದು ಕೈಮುದ್ರೆ ಮತ್ತು ಕೈಬರಹವೇ.

ಈಗ 1829ರ ಓಲೆ. ಲಕೋಟೆ ಯಾಕಿಲ್ಲ? ಆಗ ಅಂಚೆಯ ದರವನ್ನು ಹಾಳೆ ಎಣಿಸಿ ಹಾಕುತ್ತಿದ್ದರು. ಲಕೋಟೆ ಹಾಕಿದರೆ ಅದೂ ಒಂದು ಹಾಳೆ, ದರ ಎರಡು ಪಟ್ಟು. ಹಾಗಾಗಿ ಬರೆದ ಹಾಳೆಯನ್ನೇ ಮಡಚಿ, ಅರಗು ಹಾಕಿ, ಹೊರಮೈ ಮೇಲೆ ವಿಳಾಸ ಬರೆಯುತ್ತಿದ್ದರು. ಜಾಗ ಸಾಲದಿದ್ದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಇನ್ನೊಂದು ಸಲ ಬರೆಯುತ್ತಿದ್ದರು. ಬ್ರಿಟನ್‌ನಲ್ಲಿ 1840ರಲ್ಲಿ, ಅಮೆರಿಕದಲ್ಲಿ 1845ರಲ್ಲಿ ತೂಕದ ಲೆಕ್ಕ ಬಂತು. ಲಕೋಟೆಗಳು ಸಿಗುವುದು ಆಮೇಲೆಯೇ.

20¾ ಅನ್ನುವ ವಿಚಿತ್ರ ಅಂಕಿಯನ್ನು ಬಿಡಿಸಿ ನೋಡಿ. ನ್ಯೂಯಾರ್ಕಿನಿಂದ ಬಾಸ್ಟನ್ನಿಗೆ ಇನ್ನೂರು ಮೈಲಿಗೂ ಜಾಸ್ತಿ. ಆಗಿನ ಅಮೆರಿಕದ ದರಪಟ್ಟಿಯಲ್ಲಿ 150ರಿಂದ 400 ಮೈಲಿಗೆ ಒಂದು ಹಾಳೆಗೆ 18¾ ಸೆಂಟ್. ಅದರ ಮೇಲೆ 2 ಸೆಂಟ್ ಹಡಗಿನ ಶುಲ್ಕ. ಒಟ್ಟು 20¾. ನ್ಯೂಯಾರ್ಕ್ ಬಂದರಿನಲ್ಲಿ ಇಳಿದ ತಕ್ಷಣ ಹಡಗಿನ ಕ್ಯಾಪ್ಟನ್ ಓಲೆಗಳನ್ನು ಅಂಚೆ ಕಚೇರಿಗೆ ಒಪ್ಪಿಸಬೇಕಿತ್ತು. ಒಪ್ಪಿಸಿದ ಒಂದೊಂದು ಓಲೆಗೂ ಅವರಿಗೆ 2 ಸೆಂಟ್ ಸಿಗುತ್ತಿತ್ತು. ನಿಮ್ಮ ಓಲೆಯ ಮೇಲಿನ ಆ 2 ಸೆಂಟ್ ಅದೇ. ಓಲೆ ನ್ಯೂಯಾರ್ಕಿನ ವಿಳಾಸಕ್ಕೇ ಇದ್ದಿದ್ದರೆ ಒಟ್ಟು 6 ಸೆಂಟ್‌ನಲ್ಲಿ ಮುಗಿದುಹೋಗುತ್ತಿತ್ತು. ಸಾಗರ ದಾಟಿದ್ದಕ್ಕೆ 2 ಸೆಂಟ್, ನ್ಯೂಯಾರ್ಕಿನಿಂದ ಬಾಸ್ಟನ್ನಿಗೆ 18¾ ಸೆಂಟ್! ಮೊದಲ ಸಲ ಈ ಲೆಕ್ಕ ಬಿಡಿಸಿದಾಗ ನಾನು ಮೂರು ಸಲ ಕೂಡಿ ನೋಡಿದ್ದೆ.

ಆ ಮುಕ್ಕಾಲು ಸೆಂಟ್ ಎಲ್ಲಿಂದ ಬಂತು? ಅಮೆರಿಕದ ಪೇಟೆಗಳಲ್ಲಿ ಆಗ ಸ್ಪೇನಿನ ಬೆಳ್ಳಿ ನಾಣ್ಯಗಳು ಧಾರಾಳವಾಗಿ ಓಡಾಡುತ್ತಿದ್ದವು. ಒಂದು ಡಾಲರಿಗೆ ಎಂಟು ರಿಯಾಲ್, ಅಂದರೆ ಒಂದು ರಿಯಾಲ್‌ಗೆ 12½ ಸೆಂಟ್. ಒಂದೂವರೆ ರಿಯಾಲ್ ಅಂದರೆ ಸರಿಯಾಗಿ 18¾. ನಮ್ಮ ಅಜ್ಜಂದಿರು ನಯಾಪೈಸೆ ಬಂದ ಮೇಲೂ ನಾಲ್ಕಾಣೆ, ಎಂಟಾಣೆ ಅಂತಲೇ ಎಣಿಸುತ್ತಿದ್ದರು ಅಲ್ವಾ, ಹಾಗೆ. 1825ಕ್ಕೆ ಮೊದಲು ಇದೇ ದೂರಕ್ಕೆ 18½ ಇತ್ತು. ಹಾಗಾಗಿ ದಿನಾಂಕ ಅಳಿಸಿಹೋದ ಓಲೆಯ ಮೇಲೆ 20½ ಇದ್ದರೆ 1825ಕ್ಕಿಂತ ಹಿಂದಿನದು, 20¾ ಇದ್ದರೆ ಆಮೇಲಿನದು ಅಂತ ಹೇಳಬಹುದು. 1845ರ ನಂತರ ಎರಡೂ ಇಲ್ಲ. 300 ಮೈಲಿಯೊಳಗೆ 5, ಅದಕ್ಕಿಂತ ದೂರಕ್ಕೆ 10 ಆಯಿತು. ಹಡಗಿನ 2 ಸೇರಿ 'ಶಿಪ್ 7', 'ಶಿಪ್ 12' ಅಂತ ಕಾಣಿಸುತ್ತದೆ.

ನಿಮ್ಮ ಓಲೆಯ ಮೇಲೆ ಬ್ರಿಟಿಷ್ ಅಂಚೆಯ ಗುರುತೇ ಇಲ್ಲದಿರುವುದು ತಪ್ಪೇನಲ್ಲ. ಹಡಗು ಹೊರಡುವ ಮುನ್ನ ಓಲೆಗಳನ್ನು ಹಡಗಿನ ಏಜೆಂಟರ ಕಚೇರಿಯಲ್ಲೋ ಕಾಫಿ ಮನೆಯಲ್ಲೋ ತೂಗುಹಾಕಿದ ಚೀಲಕ್ಕೆ ಹಾಕಿಬಿಡುವ ರೂಢಿ ಇತ್ತು. ಅಂಚೆ ಕಚೇರಿಯ ಮೆಟ್ಟಿಲು ಹತ್ತದೆ ಸೀದಾ ಹಡಗಿಗೆ ಹೋದ ಓಲೆ ಅದು. ಅದೇ ಎದುರು ದಿಕ್ಕಿನಲ್ಲಿ, ಅಮೆರಿಕದಿಂದ ಲಂಡನ್ನಿಗೆ ಹೋದ ಆ ಕಾಲದ ಓಲೆ ನೋಡಿ. 'ಲಿವರ್‌ಪೂಲ್ ಶಿಪ್ ಲೆಟರ್' ಅನ್ನುವ ಮುದ್ರೆ ಇರುತ್ತದೆ, ಪಕ್ಕದಲ್ಲಿ ಕಪ್ಪು ಶಾಯಿಯ ಗೀಚು. ಹೊಸಬರು ಅದನ್ನು ಸಹಿ ಅಂದುಕೊಳ್ಳುತ್ತಾರೆ. ಅದು '1/7', ಅಂದರೆ ಒಂದು ಷಿಲ್ಲಿಂಗ್ 7 ಪೆನ್ಸ್. ಹಡಗಿನ ಓಲೆಗೆ 8 ಪೆನ್ಸ್, ಲಿವರ್‌ಪೂಲಿನಿಂದ ಲಂಡನ್ನಿಗೆ 11 ಪೆನ್ಸ್. ಈ ಗೀಚುಗಳನ್ನು ಓದಲು ಕಣ್ಣು ಪಳಗಬೇಕು. ಹತ್ತಿಪ್ಪತ್ತು ಓಲೆ ನೋಡಿದರೆ ಸಾಕು, ಆಮೇಲೆ ತಾನಾಗಿ ಬರುತ್ತದೆ.

ಹಡಗು ಯಾವುದು? ವಿಳಾಸದ ಕೆಳಗೆ ಎಡಮೂಲೆಯಲ್ಲಿ 'ಪರ್' ಅಂತ ಬರೆದು ಹಡಗಿನ ಹೆಸರಿರುತ್ತದೆ. ಸಾಮಾನ್ಯವಾಗಿ ಹಡಗು ತುಂಬುವ ತನಕ ಬಂದರು ಬಿಡುತ್ತಿರಲಿಲ್ಲ. ನ್ಯೂಯಾರ್ಕಿನ ಬ್ಲ್ಯಾಕ್ ಬಾಲ್ ಕಂಪನಿ ಇದನ್ನು ಬದಲಿಸಿತು. ಸರಕು ಇರಲಿ ಬಿಡಲಿ, ಹೇಳಿದ ದಿನ ಹೊರಟೇ ಹೊರಡುತ್ತೇವೆ ಅಂದಿತು. 1818ರ ಜನವರಿ 5ರಂದು ಅವರ 'ಜೇಮ್ಸ್ ಮನ್ರೋ' ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಹೊರಟಿತು. ಗಾಳಿಯ ದಿಕ್ಕಿನಿಂದಾಗಿ ಅಮೆರಿಕದಿಂದ ಇಂಗ್ಲೆಂಡಿಗೆ ಹೋಗಲು ಮೂರ್ನಾಲ್ಕು ವಾರ, ತಿರುಗಿ ಬರಲು ಐದಾರು ವಾರ ಬೇಕಾಗುತ್ತಿತ್ತು. ಯಾವ ಹಡಗು ಮುಳುಗುತ್ತದೋ ಯಾರಿಗೆ ಗೊತ್ತು? ಅದಕ್ಕೇ ವ್ಯಾಪಾರಿಗಳು ಒಂದೇ ಓಲೆಯ ನಕಲನ್ನು ಇನ್ನೊಂದು ಹಡಗಿನಲ್ಲಿ ಕಳಿಸುತ್ತಿದ್ದರು. 'ಅಸಲು ಇಂಥ ಹಡಗಿನಲ್ಲಿ ಕಳಿಸಿದೆ, ಇದು ನಕಲು' ಅಂತ ತಲೆಯಲ್ಲೇ ಬರೆದಿರುತ್ತಾರೆ. ಅಸಲು ನಕಲು ಎರಡೂ ಒಬ್ಬರ ಕೈಯಲ್ಲಿ ಸೇರಿದರೆ ಅದಕ್ಕಿಂತ ಸಂತೋಷ ಇನ್ನಿಲ್ಲ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬ್ರಿಟಿಷ್ ಅಂಚೆ ಇಲಾಖೆಗೆ ತನ್ನದೇ ಹಡಗುಗಳಿದ್ದವು. 1755ರಿಂದ ಅವು ಫಾಲ್ಮತ್ ಬಂದರಿನಿಂದ ನ್ಯೂಯಾರ್ಕಿಗೆ ಓಡಾಡುತ್ತಿದ್ದವು. ಆದರೆ ಮಾಮೂಲಿ ಸರಕಿನ ಹಡಗುಗಳಿಗಿಂತ ಇವು ಎರಡು ವಾರ ತಡವಾಗಿ ತಲುಪುತ್ತವೆ ಅಂತ 1760ರ ದಶಕದಲ್ಲಿ ದೂರು ಬಂತು. ಅಮೆರಿಕದ ವಸಾಹತುಗಳ ಅಂಚೆ ಆಗ ಬೆಂಜಮಿನ್ ಫ್ರಾಂಕ್ಲಿನ್ ಅವರ ಹೊಣೆ. ಅವರು ತಮ್ಮ ನೆಂಟರೂ, ತಿಮಿಂಗಿಲ ಬೇಟೆಗೆ ಹೆಸರಾದ ನಾಂಟಕೆಟ್ ದ್ವೀಪದ ನಾವಿಕರೂ ಆದ ಟಿಮೊಥಿ ಫೋಲ್ಗರ್ ಅವರನ್ನು ಕೇಳಿದರು. ತಿಮಿಂಗಿಲ ಬೇಟೆಯವರಿಗೆ ಕಾರಣ ಚೆನ್ನಾಗಿ ಗೊತ್ತಿತ್ತು. ಅಂಚೆ ಹಡಗುಗಳು ಸಾಗರದೊಳಗಿನ ಒಂದು ದೊಡ್ಡ ಹರಿವಿಗೆ ಎದುರಾಗಿ ಸಾಗುತ್ತಿದ್ದವು. ಗಲ್ಫ್ ಸ್ಟ್ರೀಮ್ ಅನ್ನುವ ಆ ಹರಿವಿನ ನಕ್ಷೆಯನ್ನು ಫ್ರಾಂಕ್ಲಿನ್ ಅಚ್ಚು ಹಾಕಿಸಿದರು. ಓಲೆ ತಡವಾಗಿದ್ದಕ್ಕೆ ಸಾಗರದ ನಕ್ಷೆ ಹುಟ್ಟಿತು.

ಹಬೆ ಹಡಗುಗಳು ಬಂದ ಮೇಲೆ ಎಲ್ಲವೂ ಚುರುಕಾಯಿತು. 1838ರ ಏಪ್ರಿಲ್‌ನಲ್ಲಿ 'ಸಿರಿಯಸ್' ಮತ್ತು 'ಗ್ರೇಟ್ ವೆಸ್ಟರ್ನ್' ಒಂದು ದಿನದ ಅಂತರದಲ್ಲಿ ನ್ಯೂಯಾರ್ಕ್ ಮುಟ್ಟಿದವು. 1840ರ ಜುಲೈ 4ರಂದು ಸ್ಯಾಮ್ಯುಯೆಲ್ ಕ್ಯುನಾರ್ಡ್ ಅವರ 'ಬ್ರಿಟಾನಿಯ' ಲಿವರ್‌ಪೂಲ್ ಬಿಟ್ಟು, ಹ್ಯಾಲಿಫ್ಯಾಕ್ಸ್ ಮೂಲಕ ಎರಡು ವಾರದ ಆಸುಪಾಸಿನಲ್ಲಿ ನಿಮ್ಮ ಬಾಸ್ಟನ್ ತಲುಪಿತು. ಬ್ರಿಟಿಷ್ ಸರ್ಕಾರದ ಗುತ್ತಿಗೆಯ ಮೇಲೆ ಓಡುವ ಹಡಗು ಅದು. ಅರ್ಧ ಔನ್ಸ್ ಓಲೆಗೆ ಒಂದು ಷಿಲ್ಲಿಂಗ್.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದರ ಮುಂದಿನ ಜಗಳ. 1847ರ ಜೂನ್ 1ರಂದು ಅಮೆರಿಕದ ಅಂಚೆ ಗುತ್ತಿಗೆ ಹಿಡಿದ 'ವಾಷಿಂಗ್ಟನ್' ಹಡಗು ನ್ಯೂಯಾರ್ಕಿನಿಂದ ಹೊರಟಿತು. ಸೌತಾಂಪ್ಟನ್ ಮೂಲಕ ಬ್ರೆಮೆನ್‌ಗೆ ಹೋಗುವ ಹಡಗು. ಕ್ಯುನಾರ್ಡ್‌ಗೆ ಪೈಪೋಟಿ ಬಂತು ಅಂತ ಬ್ರಿಟಿಷರಿಗೆ ಕಸಿವಿಸಿ. ಹಡಗು ಇನ್ನೂ ನಡುನೀರಿನಲ್ಲಿದ್ದಾಗಲೇ ಒಂದು ಆದೇಶ ಹೊರಡಿಸಿದರು. ಅಮೆರಿಕದ ಹಡಗಿನಲ್ಲಿ ಬಂದ ಓಲೆಗೂ ಬ್ರಿಟಿಷ್ ಹಡಗಿನಲ್ಲಿ ಬಂದಂತೆಯೇ ಪೂರ್ತಿ ಒಂದು ಷಿಲ್ಲಿಂಗ್ ವಸೂಲಿ ಮಾಡಿ ಅಂದರು. ಸಾಗರ ದಾಟಿಸಿದ್ದು ಅಮೆರಿಕ, ಅದಕ್ಕೆ ದುಡ್ಡು ಅಲ್ಲೇ ಕಟ್ಟಿಯೂ ಆಗಿದೆ. ಮಾಡದ ಕೆಲಸಕ್ಕೆ ಬ್ರಿಟನ್ ಇನ್ನೊಂದು ಸಲ ಕೂಲಿ ಕೇಳಿತು. ಒಂದು ವರ್ಷ ಮಾತುಕತೆ ನಡೆಯಿತು, ಫಲ ಸಿಗಲಿಲ್ಲ. 1848ರ ಜೂನ್ 27ರಂದು ಅಮೆರಿಕದ ಸಂಸತ್ತು ತಿರುಗೇಟಿನ ಕಾನೂನು ಮಾಡಿತು. ಕ್ಯುನಾರ್ಡ್ ಹಡಗಿನಲ್ಲಿ ಬಂದು ಹೋಗುವ ಓಲೆಗೂ ಅಮೆರಿಕದ ಹಡಗಿನ 24 ಸೆಂಟ್ ಹಾಕಿ ಅಂದಿತು. ಒಳನಾಡಿನ 5 ಸೇರಿ 29, ಅಥವಾ 10 ಸೇರಿ 34. ಈ ದರ ನಡೆದದ್ದು ಆರು ತಿಂಗಳ ಆಸುಪಾಸು ಅಷ್ಟೇ. ಹಾಗಾಗಿ 1848ರ ಎರಡನೇ ಅರ್ಧದ, ಕ್ಯುನಾರ್ಡ್ ಹಡಗಿನ, 29 ಅಥವಾ 34 ಇರುವ ಓಲೆ ಕಂಡರೆ ಎತ್ತಿಕೊಳ್ಳಿ. ನೋಡಲು ಏನೂ ಅನ್ನಿಸದ ಸಾದಾ ಕಾಗದ. ಎರಡು ದೇಶಗಳ ಹಠಕ್ಕೆ ಎರಡೂ ಕಡೆಯ ಸಾಮಾನ್ಯ ಜನ ದುಡ್ಡು ತೆತ್ತದ್ದು ಅದರ ಮೇಲಿದೆ. ಒಂದು ಎಚ್ಚರಿಕೆ: 1850ರ ದಶಕದ ಓಲೆಯ ಮೇಲೆ 29 ಇದ್ದರೆ ಅದು ಬೇರೆ ಕತೆ. ಅದು ಕ್ಯಾಲಿಫೋರ್ನಿಯಾ ಕಡೆಯ ದರ.

1848ರ ಡಿಸೆಂಬರ್ 15ರಂದು ರಾಜಿ ಒಪ್ಪಂದಕ್ಕೆ ಸಹಿ ಬಿತ್ತು. ನಿಮ್ಮ ಎರಡನೇ ಲಕೋಟೆ ಈ ಒಪ್ಪಂದದ ಕೂಸು. ಅರ್ಧ ಔನ್ಸಿಗೆ ಒಟ್ಟು 24 ಸೆಂಟ್, ಅಂದರೆ ಒಂದು ಷಿಲ್ಲಿಂಗ್. ಅದರಲ್ಲಿ ಅಮೆರಿಕದ ಒಳನಾಡಿಗೆ 5, ಸಾಗರಕ್ಕೆ 16, ಬ್ರಿಟನ್ನಿನ ಒಳನಾಡಿಗೆ 3. ಕಳಿಸುವವರು ಪೂರ್ತಿ ಕಟ್ಟಬಹುದು, ಇಲ್ಲವೇ ಪಡೆಯುವವರು ಪೂರ್ತಿ ಕಟ್ಟಬಹುದು. ದುಡ್ಡು ಯಾವ ದೇಶದ ಕೈ ಸೇರಿತೋ ಆ ದೇಶ ಇನ್ನೊಂದರ ಪಾಲನ್ನು ಲೆಕ್ಕ ಕೊಡಬೇಕು. ಸಾಗರದ 16 ಸೆಂಟ್ ಹಡಗು ಯಾರದ್ದೋ ಅವರಿಗೆ.

ಈಗ ನಿಮ್ಮ ಲಕೋಟೆ ಓದೋಣ. 'ಬಿ.ಆರ್. ಪಿ.ಕೆ.ಟಿ.' ಅಂದರೆ ಬ್ರಿಟಿಷ್ ಪ್ಯಾಕೆಟ್, ಬ್ರಿಟಿಷ್ ಗುತ್ತಿಗೆಯ ಹಡಗು. ಕಳಿಸಿದವರು ದುಡ್ಡು ಕಟ್ಟಿಲ್ಲ, ಅದಕ್ಕೇ ಎಲ್ಲ ಕಪ್ಪು ಶಾಯಿ. ಬಾಸ್ಟನ್ನಿನ ಗುಮಾಸ್ತರು ಪಡೆಯುವವರಿಂದ 24 ವಸೂಲಿ ಮಾಡಿದರು. ಹಡಗು ಬ್ರಿಟನ್ನಿನದು, ಒಳನಾಡಿನ 3 ಕೂಡ ಅವರದು. 16 ಮತ್ತು 3, ಒಟ್ಟು 19. 'ನಮಗೆ 19 ಬರಬೇಕು' ಅಂತ ಬ್ರಿಟಿಷ್ ಗುಮಾಸ್ತರು ಹೊರಡುವಾಗಲೇ ಠಸ್ಸೆ ಹೊಡೆದು ಕಳಿಸಿದ್ದಾರೆ. ಅಮೆರಿಕದ ಕೈಯಲ್ಲಿ ಉಳಿದದ್ದು 5. ಲೆಕ್ಕ ಚೊಕ್ಕವಾಗಿದೆ.

ಇದೇ ಓಲೆ ಅಮೆರಿಕದ ಹಡಗಿನಲ್ಲಿ ಬಂದಿದ್ದರೆ ಬ್ರಿಟನ್ನಿಗೆ ಬರಬೇಕಾದ್ದು ಬರೀ 3. ಎದುರು ದಿಕ್ಕಿನ ಓಲೆಗಳಲ್ಲಿ 5 ಮತ್ತು 21 ಕಾಣಿಸುತ್ತವೆ. ಅಮೆರಿಕದಿಂದ ದುಡ್ಡು ಕಟ್ಟದೆ ಹೊರಟ ಓಲೆ ಬ್ರಿಟಿಷ್ ಹಡಗಿನಲ್ಲಿ ಹೋದರೆ ಅಮೆರಿಕಕ್ಕೆ ಬರಬೇಕಾದ್ದು 5, ಅಮೆರಿಕದ ಹಡಗಿನಲ್ಲಾದರೆ 21. ಮೊದಲೇ ದುಡ್ಡು ಕಟ್ಟಿದ್ದರೂ ಇವೇ ನಾಲ್ಕು ಅಂಕಿ, ಆದರೆ ಕೆಂಪು ಶಾಯಿಯಲ್ಲಿ. ಆಗ ಅರ್ಥ ತಿರುಗುಮುರುಗು: 'ನಿಮ್ಮ ಪಾಲು ಇಷ್ಟು ನಮ್ಮಲ್ಲಿದೆ.' ಕೆಂಪು ಅಂದರೆ ಜಮೆ, ಕಪ್ಪು ಅಂದರೆ ಬಾಕಿ. ಇದೊಂದು ನೆನಪಿದ್ದರೆ 1849ರಿಂದ 1867ರವರೆಗಿನ ಬ್ರಿಟನ್–ಅಮೆರಿಕ ಓಲೆಗಳಲ್ಲಿ ಬಹುಪಾಲು ನಿಮಗೆ ಬಾಯಿಬಿಡುತ್ತವೆ. 1868ರಲ್ಲಿ ದರ 12 ಸೆಂಟ್‌ಗೆ ಇಳಿಯಿತು, 1870ರಲ್ಲಿ 6ಕ್ಕೆ. 1875ರಲ್ಲಿ ಅಂತರರಾಷ್ಟ್ರೀಯ ಅಂಚೆ ಒಕ್ಕೂಟ ಬಂದ ಮೇಲೆ 5 ಸೆಂಟ್ ಆಗಿ, ಈ ಪಾಲುಪಟ್ಟಿಯೇ ಮಾಯವಾಯಿತು.

ನಡುವೆ ಅಮೆರಿಕದ ಅಂತರ್ಯುದ್ಧದ ಕಾಲದ ಒಂದು ಬಗೆ ಇದೆ. 1863ರಿಂದ ದುಡ್ಡು ಕಟ್ಟದೆ ಬಂದ ಓಲೆಗಳ ಮೇಲೆ ಎರಡೆರಡು ಬಾಕಿ ಅಂಕಿ ಇರುತ್ತವೆ. ಚಿಕ್ಕದು ನಾಣ್ಯದಲ್ಲಿ ಕೊಟ್ಟರೆ, ದೊಡ್ಡದು ಕಾಗದದ ನೋಟಿನಲ್ಲಿ ಕೊಟ್ಟರೆ. ನೋಟಿನ ಬೆಲೆ ಕುಸಿದಿತ್ತು, ಹೊರದೇಶಕ್ಕೆ ಮಾತ್ರ ಅಸಲು ಬೆಲೆಯಲ್ಲೇ ಲೆಕ್ಕ ಚುಕ್ತಾ ಮಾಡಬೇಕಿತ್ತು. 1864ರ ಬೇಸಿಗೆಯ ಕೆಲವು ಓಲೆಗಳಲ್ಲಿ ದೊಡ್ಡ ಅಂಕಿ ಚಿಕ್ಕದರ ಎರಡು ಪಟ್ಟಿಗೂ ಜಾಸ್ತಿ.

ಬೆಲೆಯ ಮಾತು. ನಿಮ್ಮ ಎರಡೂ ಕಾಗದ ಅಪರೂಪದವಲ್ಲ. ವ್ಯಾಪಾರಿಗಳು ಓಲೆಗಳನ್ನು ಕಟ್ಟು ಕಟ್ಟಿ ಇಟ್ಟಿದ್ದರಿಂದ ಇಂಥವು ಸಾಕಷ್ಟು ಉಳಿದಿವೆ. ಇದನ್ನು ಕೇಳಿ ಬೇಜಾರಾಗಬೇಡಿ, ಕಲಿಯುವವರಿಗೆ ಇದೇ ಒಳ್ಳೆಯದು. ಬೆಲೆ ಏರುವುದು ದರ ಸ್ವಲ್ಪ ಕಾಲ ಮಾತ್ರ ನಡೆದಿದ್ದರೆ, ಹಡಗಿನ ಮೊದಲ ಪಯಣವಾಗಿದ್ದರೆ, ಇಲ್ಲವೇ ಹಡಗಿಗೆ ದೊಡ್ಡ ಕತೆ ಇದ್ದರೆ. ಅಮೆರಿಕದ ಕಾಲಿನ್ಸ್ ಹಡಗು ಕಂಪನಿಯ 'ಆರ್ಕ್ಟಿಕ್' 1854ರ ಸೆಪ್ಟೆಂಬರ್‌ನಲ್ಲಿ ಮಂಜಿನಲ್ಲಿ ಡಿಕ್ಕಿ ಹೊಡೆದು ಮುಳುಗಿತು. ಅದೇ ಕಂಪನಿಯ 'ಪೆಸಿಫಿಕ್' 1856ರ ಜನವರಿಯಲ್ಲಿ ಲಿವರ್‌ಪೂಲ್ ಬಿಟ್ಟದ್ದು ಮತ್ತೆ ಕಾಣಲಿಲ್ಲ. ಈ ಹಡಗುಗಳ ಹಿಂದಿನ ಪಯಣಗಳಲ್ಲಿ ಬಂದ ಓಲೆಗಳನ್ನು ಜನ ಪ್ರೀತಿಯಿಂದ ಕೂಡಿಡುತ್ತಾರೆ.

ಬೆಲೆ ಇರುವ ಕಡೆ ಮೋಸವೂ ಇರುತ್ತದೆ. ಬಹಳ ವರ್ಷಗಳ ಹಿಂದೆ ನಾನು 'ಪರ್ ಗ್ರೇಟ್ ವೆಸ್ಟರ್ನ್' ಅಂತ ಬರೆದ ಓಲೆಯೊಂದನ್ನು ಮೊದಲ ಪಯಣದ್ದು ಅಂತ ನಂಬಿ ಕೊಂಡಿದ್ದೆ. ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡಿದರೆ ಆ ಮೂರು ಪದದ ಶಾಯಿ ವಿಳಾಸದ ಶಾಯಿಗಿಂತ ಬೇರೆ. ಒಳಗಿನ ದಿನಾಂಕವೂ ಕೂಡಲಿಲ್ಲ. ಹಡಗು ಬ್ರಿಸ್ಟಲ್ ಬಿಟ್ಟದ್ದು 1838ರ ಏಪ್ರಿಲ್ 8ಕ್ಕೆ. ನನ್ನ ಓಲೆ ಬರೆದದ್ದು ಏಪ್ರಿಲ್ 14ಕ್ಕೆ. ಆ ನೋವು ಇವತ್ತಿಗೂ ಇದೆ. ಅಂದಿನಿಂದ ದುಡ್ಡು ಕೊಡುವ ಮುಂಚೆ ಒಳಗಿನ ಬರಹ ಓದದೆ ಬಿಡುವುದಿಲ್ಲ. ಸ್ಟಾಂಪ್ ಇಲ್ಲದೆ ಬಂದ ಲಕೋಟೆಗೆ ಆಮೇಲೆ ಸ್ಟಾಂಪ್ ಅಂಟಿಸಿ ಮಾರುವವರೂ ಇದ್ದಾರೆ. 24 ಸೆಂಟ್ ಸ್ಟಾಂಪ್ ಇದ್ದೂ ಅಂಕಿಗಳು ಕಪ್ಪಗಿದ್ದರೆ ಕಾರಣ ಕೇಳಿ. 1866ಕ್ಕೆ ಮೊದಲಿನ ಬ್ರಿಟನ್ ಓಲೆಯ ಮೇಲೆ 72 ಸೆಂಟ್ ಕಂಡರೂ ಅನುಮಾನ ಇರಲಿ. ಆಗ ಒಂದು ಔನ್ಸ್ ದಾಟಿದರೆ ದರ ಎರಡು ಪಟ್ಟಿನಿಂದ ಸೀದಾ ನಾಲ್ಕು ಪಟ್ಟಿಗೆ ಹಾರುತ್ತಿತ್ತು. ಮೂರು ಪಟ್ಟು ಅನ್ನುವುದೇ ಇರಲಿಲ್ಲ.

ಎಲ್ಲಿಂದ ಶುರು ಮಾಡುವುದು? ಬಾಸ್ಟನ್ನಿನಲ್ಲೇ ಇದ್ದೀರಿ. 1849–1867ರ ಅವಧಿಯಲ್ಲಿ, ಎರಡೂ ದೇಶಗಳ ಹಡಗುಗಳಲ್ಲಿ, ಬ್ರಿಟನ್ನಿನಿಂದ ಬಾಸ್ಟನ್ನಿಗೆ ಬಂದ ಮತ್ತು ಬಾಸ್ಟನ್ನಿನಿಂದ ಅಲ್ಲಿಗೆ ಹೋದ ಓಲೆಗಳನ್ನು ಹಿಡಿಯಿರಿ. ಮೊದಲು 3, 5, 19, 21 ಅನ್ನುವ ಆ ನಾಲ್ಕು ಅಂಕಿಗಳನ್ನು ಎರಡೆರಡು ಬಣ್ಣದಲ್ಲಿ ಕೂಡಿಸಿ. ಎಂಟು ಲಕೋಟೆ ಸಾಕು. ಅಗ್ಗದವೇ ಇರಲಿ, ಠಸ್ಸೆ ಓದುವಂತಿರಬೇಕು ಅಷ್ಟೇ. ಆ ಕಾಲದ ಬಾಸ್ಟನ್ ಪತ್ರಿಕೆಗಳು ಹಡಗು ಬಂದ ದಿನವನ್ನು ಅಚ್ಚು ಹಾಕುತ್ತಿದ್ದವು. ಅವನ್ನು ತೆಗೆದು ಠಸ್ಸೆಯ ದಿನಾಂಕಕ್ಕೆ ಹೋಲಿಸಿ.

ಭಾರತದ ನಂಟು ಬೇಕು ಅನ್ನಿಸಿದರೆ ಅದೂ ನಿಮ್ಮೂರಲ್ಲೇ ಇದೆ. ಬಾಸ್ಟನ್ನಿನ ಫ್ರೆಡೆರಿಕ್ ಟ್ಯೂಡರ್ 1833ರಲ್ಲಿ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆ ಕಳಿಸಿದ್ದರು. ಬಾಸ್ಟನ್–ಕಲ್ಕತ್ತ ವ್ಯಾಪಾರದ ಹಡಗುಗಳು ತಿರುಗಿ ಬರುವಾಗ ಓಲೆಗಳನ್ನೂ ತರುತ್ತಿದ್ದವು. ಕಲ್ಕತ್ತೆಯಲ್ಲಿ ಬರೆದು, ಬಾಸ್ಟನ್ನಿನಲ್ಲಿ 'ಶಿಪ್ 6' ಬಿದ್ದ ಓಲೆಗಳು ಇವೆ. ಬಂದರಿಗೆ 6 ಸೆಂಟ್, ನ್ಯೂಯಾರ್ಕಿನ ಓಲೆಗೆ ಹೇಳಿದ ಅದೇ ನಿಯಮ.

ಇಟ್ಟುಕೊಳ್ಳುವ ಬಗ್ಗೆ ಸ್ವಲ್ಪ. ಲ್ಯಾಮಿನೇಟ್ ಬೇಡ, ಟೇಪ್ ಬೇಡ. ಹಿಂದೆ ಯಾರೋ ಪೆನ್ಸಿಲ್‌ನಲ್ಲಿ ಬರೆದದ್ದನ್ನು ಅಳಿಸಬೇಡಿ, ಅದರಲ್ಲೂ ಸುಳಿವಿರುತ್ತದೆ. ಮಡಿಕೆಗಳನ್ನು ಪದೇ ಪದೇ ಬಿಚ್ಚಬೇಡಿ. ಒಂದು ಸಲ ಬಿಚ್ಚಿ, ಫೋಟೋ ತೆಗೆದು, ಆಮ್ಲವಿಲ್ಲದ ಕಾಗದದಲ್ಲಿಡಿ. ಊರಿಗೆ ತಂದಿಡುವುದಾದರೆ ಮಲೆನಾಡಿನ ಮಳೆಗಾಲ ನಿಮಗೇ ಗೊತ್ತು. ತೇವ ಮತ್ತು ಬೆಳ್ಳಿಮೀನಿನ ಹುಳ ಎರಡಕ್ಕೂ ಹೆದರಬೇಕು.

ಇವತ್ತು ಒಂದು ಕೆಲಸ ಮಾಡಿ. 1829ರ ಓಲೆಯನ್ನು ಮೆಲ್ಲಗೆ ಬಿಚ್ಚಿ, ಲಿವರ್‌ಪೂಲಿನಲ್ಲಿ ಬರೆದ ದಿನ ಗುರುತು ಹಾಕಿಕೊಳ್ಳಿ. ನ್ಯೂಯಾರ್ಕ್ ಠಸ್ಸೆಯ ದಿನಕ್ಕೆ ಎಷ್ಟು ವಾರ ಆಯಿತು ಎಣಿಸಿ. ಆಮೇಲೆ ಹೊರಮೈಯ ಅಂಚಿನಲ್ಲಿ ಸಣ್ಣ ಅಕ್ಷರ ಹುಡುಕಿ. ಓಲೆ ಎಂದು ಬಂತು, ಎಂದು ಉತ್ತರ ಬರೆದೆ ಅಂತ ವ್ಯಾಪಾರಿಗಳು ಅಲ್ಲಿ ಬರೆದಿಡುತ್ತಿದ್ದರು. ಎಡಮೂಲೆಯಲ್ಲಿ ಹಡಗಿನ ಹೆಸರಿದ್ದರೆ ನನಗೆ ಬರೆದು ತಿಳಿಸಿ. ಆ ಹಡಗು ಯಾವಾಗ ಬಂತು ಅಂತ ಇಬ್ಬರೂ ಸೇರಿ ಹುಡುಕೋಣ.